ಪಕ್ಕದ ಮನೆ ಒಡೆದು ಸ್ಟಿಲ್ಟ್ ಮೇಲೆ ನಾಲ್ಕು ಮಹಡಿ: ನಮ್ಮನ್ನು ಒಂದು ಮಾತು ಕೇಳುವ ನಿಯಮವೇ ಇಲ್ವಾ?

ದಾಸವಾಳಬೇಲಿ · ಸೋಮವಾರ ರಾತ್ರಿ 9:40

ಬೆಂಗಳೂರಿನ ಬನಶಂಕರಿ ಕಡೆ ನಮ್ಮದು 30×40 ಸೈಟು. ಮಾವ 1981ರಲ್ಲಿ ಕಟ್ಟಿಸಿದ ಮನೆ, ಮೇಲೆ ಏನೂ ಇಲ್ಲ, ತಾರಸಿ ಅಷ್ಟೇ. ಪಕ್ಕದ್ದು 40×60. ಅಲ್ಲಿದ್ದ ಅಂಕಲ್ ತೀರಿಕೊಂಡ ಮೇಲೆ ಆಂಟಿ ಮಗಳ ಜೊತೆ ಹೊರದೇಶಕ್ಕೆ ಹೋದರು. ಎರಡು ವರ್ಷ ಬೀಗ ಬಿದ್ದಿತ್ತು. ಮೂರು ವಾರದ ಹಿಂದೆ ಒಂದು ಸೋಮವಾರ ಬೆಳಗ್ಗೆ ಏಳಕ್ಕೆ ಜೆಸಿಬಿ ಬಂತು. ಬುಧವಾರ ಸಂಜೆಗೆ ಮನೆ ಇಲ್ಲ.

ಮಂಗಳವಾರ ಒಂದು ಹೊತ್ತು ಅವರ ಅಡುಗೆಮನೆ ಗೋಡೆ ಮಾತ್ರ ನಿಂತಿತ್ತು. ಒಲೆ ಇದ್ದ ಕಡೆ ನಲವತ್ತು ವರ್ಷದ ಒಗ್ಗರಣೆ ಹೊಗೆ, ದೊಡ್ಡ ದೋಸೆಯಷ್ಟು ಕಪ್ಪು ಮಚ್ಚೆ. ನಮ್ಮ ಅತ್ತೆ ಕಿಟಕಿಯಿಂದ ನೋಡಿ "ಕಿಟಕಿ ಹಾಕು, ಧೂಳು" ಅಂದರು. ಬೇರೇನೂ ಹೇಳಲಿಲ್ಲ.

ಈಗ ಪಾಯ ತೋಡುತ್ತಿದ್ದಾರೆ. ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಎಂಟಡಿ ಗುಂಡಿ. ಶುಕ್ರವಾರದಿಂದ ನಮ್ಮ ಬಚ್ಚಲುಮನೆ ಗೋಡೆಯಲ್ಲಿ ಬಿರುಕು, ಕಿಟಕಿ ಮೂಲೆಯಿಂದ ಓರೆಯಾಗಿ ಕೆಳಕ್ಕೆ. ಮೇಸ್ತ್ರಿಯನ್ನು ಕರೆದು ತೋರಿಸಿದರೆ "ಇದು ಹಳೇದು ಅಕ್ಕ, ನೀವು ಈಗ ನೋಡಿದ್ದೀರಿ" ಅಂದ. ಏನು ಕಟ್ಟುತ್ತಿದ್ದೀರಿ ಅಂದರೆ ಸ್ಟಿಲ್ಟ್ ಪ್ಲಸ್ ನಾಲ್ಕು, ಅಂದರೆ ಕೆಳಗೆ ಕಂಬಗಳ ನಡುವೆ ಗಾಡಿ ನಿಲ್ಲಿಸುವ ಜಾಗ, ಅದರ ಮೇಲೆ ನಾಲ್ಕು ಮಹಡಿ, ಎಂಟು ಫ್ಲಾಟು. ಆಂಟಿಯ ಮಗಳು ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಿದ್ದಾಳಂತೆ, ಅರ್ಧ ಅವಳಿಗೆ, ಅರ್ಧ ಬಿಲ್ಡರಿಗೆ.

ನಮ್ಮ ಮೂರು ಕೋಣೆಗೂ ಬೆಳಕು ಬರುವುದು ಆ ಕಡೆಯಿಂದಲೇ. ಪ್ಲಾನ್ ಎಲ್ಲಿ ನೋಡಬಹುದು? ಪಾಸ್ ಮಾಡುವ ಮುಂಚೆ ಅಕ್ಕಪಕ್ಕದವರನ್ನು ಕೇಳಬೇಕು ಅಂತ ಎಲ್ಲೂ ಇಲ್ವಾ? ಜಗಳ ಬೇಕಾಗಿಲ್ಲ. ತಿಳಿದವರು ಹೇಳಿ.


ರಸಮಟ್ಟ · ಸೋಮವಾರ ರಾತ್ರಿ 10:25

ಸಿವಿಲ್ ಎಂಜಿನಿಯರ್, ಇದೇ ಊರಲ್ಲಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ನೇರ ಉತ್ತರ: ನಿಮ್ಮನ್ನು ಕೇಳಬೇಕಾಗಿಲ್ಲ. ಪ್ಲಾನ್ ಅನ್ನೋದು ಸೈಟಿನ ಮಾಲೀಕ ಮತ್ತು ಪಾಲಿಕೆ ನಡುವಿನ ವ್ಯವಹಾರ. ಪಕ್ಕದ ಮನೆಯವರಿಗೆ ಅಲ್ಲಿ ಕುರ್ಚಿ ಹಾಕಿಲ್ಲ. 2024ರಲ್ಲಿ ಬಂದ 'ನಂಬಿಕೆ ನಕ್ಷೆ'ಯಲ್ಲಿ 50×80ರವರೆಗಿನ ಮನೆ ಸೈಟುಗಳಿಗೆ ನೋಂದಾಯಿತ ಎಂಜಿನಿಯರ್ ಇಲ್ಲವೇ ಆರ್ಕಿಟೆಕ್ಟ್ ಸಹಿ ನಂಬಿ ಬೇಗ ಪ್ಲಾನ್ ಕೊಡುತ್ತಾರೆ. ಕಟ್ಟುವವರಿಗೆ ಒಳ್ಳೆಯದೇ. ಪಕ್ಕದವರಿಗೆ ವಿಷಯ ಗೊತ್ತಾಗೋದು ಮಾತ್ರ ಮೊದಲಿನ ಹಾಗೇ, ಜೆಸಿಬಿ ಸದ್ದು ಕೇಳಿದಾಗ.

ಎಷ್ಟು ಕಟ್ಟಬಹುದು ಅನ್ನೋದಕ್ಕೆ ಲೆಕ್ಕ ಇದೆ, ಅದನ್ನು ನೀವೇ ಹಾಕಬಹುದು. 2015ರ ಮಾಸ್ಟರ್ ಪ್ಲಾನ್ ಪ್ರಕಾರ 360 ಚದರ ಮೀಟರ್ ಒಳಗಿನ ಸೈಟಿಗೆ ಎಫ್‌ಎಆರ್ 1.75. ಅಂದರೆ ಸೈಟಿನ ವಿಸ್ತೀರ್ಣದ ಒಂದೂ ಮುಕ್ಕಾಲು ಪಟ್ಟು. 40×60 ಅಂದರೆ 2400 ಚದರಡಿ, ಅದಕ್ಕೆ 4200. ನಮ್ಮ ಲೈನಿನ ಮಾತಲ್ಲಿ 42 ಚದರ. ಸ್ಟಿಲ್ಟ್ ನಿಜವಾಗಿ ಗಾಡಿ ನಿಲ್ಲಿಸಲಿಕ್ಕೇ ಇದ್ದರೆ ಲೆಕ್ಕಕ್ಕೆ ಬರಲ್ಲ. 42 ಚದರವನ್ನು ಎಂಟಕ್ಕೆ ಹಂಚಿ: ಒಂದಕ್ಕೆ ಐದೂಕಾಲು ಚದರ, ಅದರಲ್ಲೇ ಮೆಟ್ಟಿಲಿನ ಪಾಲೂ ಸೇರಿದೆ. ಅಷ್ಟರಲ್ಲಿ ಎರಡು ಬೆಡ್‌ರೂಮು ಮಾಡಿ ಮಾರಿದವರನ್ನು ನಾನು ನೋಡಿಲ್ಲ. ಹಾಗಾಗಿ ಪ್ಲಾನಿನಲ್ಲಿ ಇರೋದು ಒಂದು, ಕಟ್ಟೋದು ಇನ್ನೊಂದು ಅಂತ ನನ್ನ ಅನುಮಾನ. ಟಿಡಿಆರ್, ಪ್ರೀಮಿಯಂ ಎಫ್‌ಎಆರ್ ಅಂತ ಹೆಚ್ಚುವರಿ ಕಟ್ಟುವ ಹಕ್ಕು ಏನಾದರೂ ತಂದಿದ್ದರೆ ಲೆಕ್ಕ ಬೇರೆ. ಅದನ್ನೂ ಪ್ಲಾನ್ ನೋಡಿಯೇ ಹೇಳಬೇಕು.

  

ಬಿರುಕಿನ ವಿಷಯ ಮೊದಲು. ನಾಳೆ ಬೆಳಗ್ಗೆಯೇ ಮಾಡಿ: ಒಂದು ಗಾಜಿನ ಪಟ್ಟಿ, ಕಿಟಕಿ ಗಾಜಿನ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಬಿರುಕಿಗೆ ಅಡ್ಡವಾಗಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತೆ. ಮೇಸ್ತ್ರಿ ಆಮೇಲೆ ಹಳೇದು ಅನ್ನೋಕಾಗಲ್ಲ. ಒಳಗೆ ಹೊರಗೆ ಎಲ್ಲಾ ಗೋಡೆ, ನೆಲ, ಕಾಂಪೌಂಡು ಫೋಟೋ ತೆಗೆದಿಡಿ.


ಚಕ್ಲಿಮುರುಕು · ಸೋಮವಾರ ರಾತ್ರಿ 10:31

ಪಾರ್ಕಿಂಗ್ ಅಂತ ಬರೆದ ಸ್ಟಿಲ್ಟ್‌ನಲ್ಲಿ ನಮ್ಮ ರೋಡಿನಲ್ಲಿ ಒಂದು ಟೈಲರ್ ಅಂಗಡಿ, ಒಂದು ಟ್ಯೂಷನ್, ಒಂದು ದರ್ಶಿನಿಯ ಗೋಡೌನ್ ಇದೆ. ಕಾರು ರಸ್ತೆಯಲ್ಲಿ.


ಮಗಳಮನೆಪ್ರವಾಸಿ · ಮಂಗಳವಾರ ಬೆಳಗ್ಗೆ 6:15

ಕಳೆದ ವರ್ಷ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಐದು ತಿಂಗಳಿದ್ದೆ. ಅವರ ಬೀದಿಯಲ್ಲಿ ಒಂದು ಚಿಕ್ಕ ಒಂದಂತಸ್ತಿನ ಮನೆ ಒಡೆದು ಎರಡಂತಸ್ತಿನ ದೊಡ್ಡ ಮನೆ ಕಟ್ಟಬೇಕು ಅಂತ ಒಬ್ಬರು ಅರ್ಜಿ ಹಾಕಿದ್ದರು. ಒಡೆಯುವ ಮಾತು ಆಮೇಲೆ, ಮೊದಲು ಅರ್ಜಿ. ಬೀದಿ ದೀಪದ ಕಂಬಕ್ಕೆ ನೋಟಿಸ್ ಕಟ್ಟಿದ್ದರು. ಅಕ್ಕಪಕ್ಕದವರಿಗೆ ಅಭಿಪ್ರಾಯ ಹೇಳಲು 21 ದಿನ. ನಕ್ಷೆ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ನಾನು ಬೆಳಗ್ಗೆ ಕಾಫಿ ಕುಡಿಯುತ್ತಾ ಎಲ್ಲರ ಆಕ್ಷೇಪಣೆ ಓದುತ್ತಿದ್ದೆ, ಧಾರಾವಾಹಿ ಥರ. ಒಬ್ಬರಿಗೆ ಮೇಲಿನ ಕಿಟಕಿಯಿಂದ ತಮ್ಮ ಹಿತ್ತಿಲು ಕಾಣುತ್ತೆ ಅನ್ನೋ ಕೋಪ. ಇನ್ನೊಬ್ಬರಿಗೆ ಇಟ್ಟಿಗೆ ಬಣ್ಣ ಬೀದಿಗೆ ಹೊಂದಲ್ಲ ಅಂತ. ಹಳೇ ಮನೆಗಿಂತ ಹೊಸದು ಎಷ್ಟು ದೊಡ್ಡದು ಅನ್ನೋದರ ಮೇಲೇ ನಾಲ್ಕು ಪುಟ ಬರೆದವರಿದ್ದರು.

ಪಾಯದ ವಿಷಯಕ್ಕೆ ಅಲ್ಲಿ 1996ರ ಕಾಯ್ದೆಯೇ ಬೇರೆ ಇದೆ. ಪಕ್ಕದ ಕಟ್ಟಡಕ್ಕೆ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳಕ್ಕೆ ಅಗೆಯಬೇಕೆಂದರೆ ಒಂದು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಸಾಮಾನ್ಯವಾಗಿ ಸರ್ವೇಯರ್ ಬಂದು ಪಕ್ಕದ ಮನೆಯಲ್ಲಿ ಈಗಾಗಲೇ ಯಾವ ಯಾವ ಬಿರುಕು ಇದೆ ಅಂತ ಬರೆದಿಟ್ಟುಕೊಳ್ಳುತ್ತಾರೆ. ದಾಸವಾಳಬೇಲಿಯವರೇ, ಆ ಮೇಸ್ತ್ರಿ ಅಲ್ಲಿ 'ಹಳೇದು ಅಕ್ಕ' ಅಂದಿದ್ದರೆ ಕಾಗದ ತೆಗೆದು ತೋರಿಸಬಹುದಿತ್ತು.

ಹಾಗಂತ ಅದು ಸ್ವರ್ಗ ಅಂದುಕೊಳ್ಳಬೇಡಿ. ಅಲ್ಲೂ ಅನುಮತಿ ಸಿಗದಿದ್ದರೆ ಅರ್ಜಿದಾರ ಮೇಲ್ಮನವಿ ಹೋಗಬಹುದು, ಅನುಮತಿ ಸಿಕ್ಕರೆ ಪಕ್ಕದವರು ಹೋಗುವ ಹಾಗಿಲ್ಲ. ಮತ್ತೆ, ಎಲ್ಲದಕ್ಕೂ ಆಕ್ಷೇಪಣೆ ಬರೆದೂ ಬರೆದೂ ಹೊಸ ಮನೆಯೇ ಕಡಿಮೆಯಾಗಿ, ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಮಗಳು ಕೊಡುವ ಬಾಡಿಗೆ ನಮ್ಮ ರೂಪಾಯಿಗೆ ಬದಲಿಸಿ ನೋಡಿ ಆ ದಿನ ನಾನು ಊಟ ಬಿಟ್ಟೆ.


ಸೈಟುನಮ್ಮದು · ಮಂಗಳವಾರ ಬೆಳಗ್ಗೆ 8:50

ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಅವರ ಸೈಟು, ಅವರ ದುಡ್ಡು. ನಲವತ್ತು ವರ್ಷ ಪಕ್ಕದವರು ಕಟ್ಟಲಿಲ್ಲ ಅಂತ ನಿಮಗೆ ಬೆಳಕು ಬಂತು. ಅದು ಅವರು ಕೊಟ್ಟ ಉಡುಗೊರೆ, ನಿಮ್ಮ ಹಕ್ಕಲ್ಲ. ಅರ್ಧ ಹೊಟ್ಟೆಕಿಚ್ಚು ಇರುತ್ತೆ ಇಂಥದ್ದರಲ್ಲಿ.


ದಾಸವಾಳಬೇಲಿ · ಮಂಗಳವಾರ ಬೆಳಗ್ಗೆ 9:30

ಹೊಟ್ಟೆಕಿಚ್ಚೇ ಇದ್ದಿದ್ದರೆ ನಾವೂ ಒಡೆದು ಕಟ್ಟುತ್ತಿದ್ದೆವು, ಇಬ್ಬರು ಬಿಲ್ಡರ್ ಆಗಲೇ ಬಂದು ಕೇಳಿ ಹೋಗಿದ್ದಾರೆ. ಅವರು ಕಟ್ಟಬಾರದು ಅಂತ ನಾನು ಎಲ್ಲಿ ಹೇಳಿದೆ? ಗೋಡೆ ಬಿರುಕು ಬಿಟ್ಟಿದೆ, ಎಷ್ಟು ಕಟ್ಟುತ್ತಾರೆ ಅಂತ ಕೇಳಿದೆ. ಅಷ್ಟಕ್ಕೇ ಹೊಟ್ಟೆಕಿಚ್ಚಾ?

ರಸಮಟ್ಟ ಅವರೇ, ಗಾಜು ಅಂಟಿಸಿದ್ದೇನೆ. ಅತ್ತೆ "ಇದೇನು ಗೋಡೆಗೆ ಬ್ಯಾಂಡೇಜು" ಅಂತ ಕೇಳಿದರು.


ಹಳೇಕೋಟು · ಮಂಗಳವಾರ ಬೆಳಗ್ಗೆ 11:10

ಸೈಟುನಮ್ಮದು ಅವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಕೋರ್ಟಿನಲ್ಲಿ ವರ್ಷಗಟ್ಟಲೆ ಇದೇ ಥರದ ಕೇಸು ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

1882ರ ಅನುಭೋಗ ಹಕ್ಕುಗಳ ಕಾಯ್ದೆ, ಕೋರ್ಟಿನ ಭಾಷೆಯಲ್ಲಿ ಈಸ್‌ಮೆಂಟ್ಸ್ ಆಕ್ಟ್. ಅದರ 15ನೇ ಸೆಕ್ಷನ್ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು ಗಾಳಿ ಬಂದಿದ್ದರೆ ಅದು ಹಕ್ಕಾಗಿ ನಿಲ್ಲಬಹುದು. ಉಡುಗೊರೆ ಅಂತ ತಳ್ಳಿಹಾಕುವ ಹಾಗಿಲ್ಲ. ಆದರೆ ಇದನ್ನು ಓದಿ ಖುಷಿಪಡಬೇಡಿ. ಬೆಳಕು ಕಮ್ಮಿಯಾಯಿತು ಅಂದರೆ ಸಾಲದು, ಮನೆಯಲ್ಲಿ ಬದುಕಲು ಕಷ್ಟ ಆಗುವಷ್ಟು ಕಮ್ಮಿಯಾಯಿತು ಅಂತ ತೋರಿಸಬೇಕು. ಕಿಟಕಿಯಿಂದ ಮೊದಲು ಬೆಟ್ಟ ಕಾಣುತ್ತಿತ್ತು, ಗುಡಿ ಗೋಪುರ ಕಾಣುತ್ತಿತ್ತು ಅನ್ನೋದಕ್ಕೆ ಬೆಲೆ ಇಲ್ಲ. ನೋಟಕ್ಕೆ ಹಕ್ಕಿಲ್ಲ.

ಮಣ್ಣಿನ ವಿಷಯವೂ ಅದೇ ಕಾಯ್ದೆಯಲ್ಲಿದೆ. ಪಕ್ಕದ ಜಮೀನಿನ ಮಣ್ಣು ನಿಮ್ಮ ಜಮೀನಿಗೆ ಸಹಜವಾಗಿ ಕೊಡುವ ಆಸರೆಯನ್ನು ಅವರು ತೆಗೆಯುವ ಹಾಗಿಲ್ಲ. ನಿಮ್ಮ ಕಾಂಪೌಂಡ್ ಪಕ್ಕದ ಎಂಟಡಿ ಗುಂಡಿಗೆ ಇದು ನೆನಪಿರಲಿ.

ಹೆಚ್ಚುವರಿ ಮಹಡಿಗೆ ದಾರಿ ಬೇರೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮಂಜೂರಾದ ನಕ್ಷೆಯ ಪ್ರತಿ ಕೇಳಿ, 30 ದಿನದ ಗಡುವು. ಹೋಲಿಸಿ ನೋಡಿ ಲಿಖಿತ ದೂರು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ದೂರಿನ ಮೇಲೆ ತಾತ್ಕಾಲಿಕ ಆದೇಶ, ಮಾಲೀಕರ ಉತ್ತರ, ಆಮೇಲೆ ಸ್ಥಿರೀಕರಣ ಆದೇಶ. ಅದು ಬಂದ ಕೂಡಲೇ ಮಾಲೀಕರು ಮೇಲ್ಮನವಿ ಹೋಗಿ ತಡೆಯಾಜ್ಞೆ ತರುತ್ತಾರೆ. ತಡೆಯಾಜ್ಞೆ ತೆರವಾಗುವ ಹೊತ್ತಿಗೆ ಗೃಹಪ್ರವೇಶದ ಹೋಳಿಗೆ ತಿಂದಾಗಿರುತ್ತೆ. ಅದಕ್ಕೇ ನನ್ನ ಸಲಹೆ, ಮೂರನೇ ಮಹಡಿ ಸೆಂಟ್ರಿಂಗ್ ಏರುವ ಮುಂಚೆ ಏನು ಮಾಡಬೇಕೋ ಮಾಡಿ. ಮೋಲ್ಡ್ ಬಿದ್ದ ಮೇಲೆ ಒಡೆಸೋದು ಕಾಗದದಲ್ಲಿ ಮಾತ್ರ.


ಮೂರಂತಸ್ತಿನಖಳ · ಮಂಗಳವಾರ ಮಧ್ಯಾಹ್ನ 2:05

ಈ ಕಥೆಯಲ್ಲಿ ವಿಲನ್ ಪಾತ್ರ ನನ್ನದು. ಬರೆಯಲೋ ಬೇಡವೋ ಅಂತ ಊಟ ಆದ ಮೇಲೂ ಯೋಚಿಸಿದೆ.

ಎಂಟು ವರ್ಷದ ಹಿಂದೆ ನಮ್ಮ ಅಪ್ಪನ ಹೆಂಚಿನ ಮನೆ ಒಡೆದು ಮೂರು ಮಹಡಿ ಕಟ್ಟಿದೆವು. 30×40. ನಾವು ಮೂವರು ಅಣ್ಣತಮ್ಮಂದಿರು, ಜೊತೆಗೆ ಅಮ್ಮ. 1200ಕ್ಕೆ 1.75 ಅಂದರೆ 2100 ಚದರಡಿ. ಮೂರು ಸಂಸಾರಕ್ಕೆ ಹಂಚಿದರೆ ತಲಾ ಏಳು ಚದರ, ಅದರಲ್ಲೇ ಮೆಟ್ಟಿಲು. ಲೆಕ್ಕದ ಪ್ರಕಾರ ಕಟ್ಟಿದ್ದರೆ ಒಬ್ಬ ತಮ್ಮ ನೆಲಮಂಗಲದ ಆಚೆ ಮನೆ ಹುಡುಕಬೇಕಿತ್ತು. ಅವನ ಹೆಂಡತಿ ಕೆಲಸ ಇಲ್ಲೇ, ಮಕ್ಕಳ ಸ್ಕೂಲು ಇಲ್ಲೇ. ಅಮ್ಮ "ಎಲ್ಲರೂ ಒಂದೇ ಕಡೆ ಇರಿ" ಅಂದರು. ಎಂಜಿನಿಯರ್ ಹೇಳಿದ, ಸೈಡಿನಲ್ಲಿ ಬಿಡೋ ಜಾಗ ಒಂದು ಕಡೆ ಬಿಟ್ಟುಬಿಡೋಣ ಅಂತ. 'ಬಿಟ್ಟುಬಿಡೋಣ' ಅಂದರೆ ಬಿಡದೇ ಇರೋದು ಅಂತ ಅರ್ಥ. ಮೊದಲನೇ ಮಹಡಿಯಿಂದ ಮೇಲೆ ಎರಡೂವರೆ ಅಡಿ ಹೊರಕ್ಕೆ ಚಾಚಿದೆವು. ಮಕ್ಕಳ ರೂಮಿನಲ್ಲಿ ಮಂಚ ಹಿಡಿಸಿದ್ದು ಆ ಎರಡೂವರೆ ಅಡಿಯಿಂದ.

ಪಕ್ಕದ ಮನೆಯ ಟೀಚರಮ್ಮ ಯಾವ ದೂರೂ ಕೊಡಲಿಲ್ಲ. ಒಂದು ಮಾತೂ ಆಡಲಿಲ್ಲ. ಆ ವರ್ಷ ಸಂಕ್ರಾಂತಿಗೆ ಎಳ್ಳು ಬೀರಲು ಅವರ ಮೊಮ್ಮಗಳು ಇಡೀ ರಸ್ತೆಗೆ ಹೋದಳು, ನಮ್ಮ ಗೇಟು ದಾಟಿಕೊಂಡು ಆಚೆ ಮನೆಗೆ. ಅಮ್ಮ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಅಮ್ಮ ಈಗಿಲ್ಲ.

ಅವರನ್ನು ಮುಂಚೆಯೇ ಕೇಳಿದ್ದರೆ ಬೇಡ ಅನ್ನುತ್ತಿದ್ದರೋ ಏನೋ. ಒಂದು ಕಿಟಕಿ ಆ ಕಡೆ ಸರಿಸಿ ಅನ್ನುತ್ತಿದ್ದರು, ನಾವು ಸರಿಸಬಹುದಿತ್ತು. ಕೇಳಿದರೆ ಬೇಡ ಅಂದುಬಿಟ್ಟಾರು ಅನ್ನೋ ಭಯಕ್ಕೆ ಕೇಳಲಿಲ್ಲ. ನಿಯಮ ಕೇಳು ಅಂದಿದ್ದರೆ ಕೇಳುತ್ತಿದ್ದೆವು, ಅದೂ ನಿಜ.


ಸೈಟುನಮ್ಮದು · ಮಂಗಳವಾರ ಮಧ್ಯಾಹ್ನ 2:40

ಓದಿದೆ. ಹೊಟ್ಟೆಕಿಚ್ಚು ಅಂದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಸೈಟಿನ ಮಾತು ವಾಪಸ್ ತೆಗೆಯಲ್ಲ. ಇವರ ಕಥೆಯೇ ಹೇಳುತ್ತೆ, ಮೂರು ಸಂಸಾರಕ್ಕೆ 21 ಚದರ ಅಂದರೆ ನಿಯಮದಲ್ಲೇ ತಪ್ಪಿದೆ.


ಏಳನೇಮನೆಹುಡುಕುವವಳು · ಮಂಗಳವಾರ ಸಂಜೆ 7:20

ಎಲ್ಲರೂ ಮಾಲೀಕರೇ ಮಾತಾಡುತ್ತಿದ್ದೀರಿ. ನಾನು ಹಾಸನದಿಂದ ಬಂದವಳು, ಎಂಟು ವರ್ಷದಲ್ಲಿ ಆರು ಬಾಡಿಗೆ ಮನೆ. ಆರೂ ಇಂಥ ಒಡೆದು ಕಟ್ಟಿದ ಮನೆಗಳೇ. ಹಳೇ ಮನೆಗಳಿರುವ ಏರಿಯಾದಲ್ಲಿ, ಮೆಟ್ರೋ ಹತ್ತಿರ, ನಮ್ಮ ಸಂಬಳಕ್ಕೆ ಮನೆ ಸಿಗೋದು ಯಾರೋ ನಿಯಮ ಮುರಿದು ಒಂದು ಮಹಡಿ ಜಾಸ್ತಿ ಹಾಕಿದ್ದರಿಂದ. ಅದು ಗೊತ್ತಿದ್ದೇ ಅಡ್ವಾನ್ಸ್ ಕೊಡುತ್ತೇವೆ.

ಈಗಿರುವ ಮನೆಯಲ್ಲಿ ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ತಾಗುತ್ತೆ. ಗಾರೆ ಕೂಡ ಮಾಡಿಲ್ಲ ಆ ಗೋಡೆಗೆ, ಮಾಡಲು ಮನುಷ್ಯ ಒಳಗೆ ಇಳಿಯಬೇಕಲ್ಲ. ಹಗಲು ಹನ್ನೆರಡಕ್ಕೂ ಲೈಟು ಹಾಕಿ ಅಕ್ಕಿ ಆರಿಸುತ್ತೇನೆ. ಆ ಕಡೆಯವರ ಕುಕ್ಕರ್ ಎಷ್ಟು ಕೂಗು ಕೂಗಿತು ಅಂತ ನನಗೆ ಗೊತ್ತಿರುತ್ತೆ, ನನ್ನದು ಅವರಿಗೆ. ಒಂದು ದಿನ ನಾನು ಮೂರು ಕೂಗಿಗೆ ಆರಿಸೋದು ಮರೆತಾಗ ಗೋಡೆ ಆಚೆಯಿಂದ "ರೀ, ಕುಕ್ಕರ್!" ಅಂತ ಕೂಗು ಬಂತು. ಮುಖ ಇವತ್ತಿಗೂ ನೋಡಿಲ್ಲ.

ದಾಸವಾಳಬೇಲಿ ಅಕ್ಕ, ಜಾಗ ಬಿಡಿಸಿ. ನಿಮಗೆ ಮಾತ್ರ ಅಲ್ಲ, ಆ ಎಂಟು ಫ್ಲಾಟಿನ ಒಳಗೆ ಬಂದು ಇರುವವರಿಗೂ.


ಕಾಫಿಡಿಕಾಕ್ಷನ್ · ಮಂಗಳವಾರ ಸಂಜೆ 7:55

ಒಂದು ಅನುಮಾನ. ಅಕ್ರಮ ಸಕ್ರಮ ಅಂತ ಬಂದಿತ್ತಲ್ಲ, ಅದರಲ್ಲಿ ದಂಡ ಕಟ್ಟಿ ಸರಿಮಾಡಿಸಿಕೊಳ್ಳೋದು ಈಗಲೂ ಇದೆಯಾ? ನಮ್ಮ ಬಿಲ್ಡರ್ ಎಲ್ಲರಿಗೂ ಹಾಗೇ ಹೇಳುತ್ತಿದ್ದಾನೆ.


ಹಳೇಕೋಟು · ಮಂಗಳವಾರ ರಾತ್ರಿ 8:30

ಇಲ್ಲ. ಆ ಯೋಜನೆಯಲ್ಲಿ ಮನೆಗಳಿಗೆ ಶೇ. 50ರವರೆಗಿನ ಉಲ್ಲಂಘನೆ ಸಕ್ರಮ ಮಾಡುವ ಮಾತಿತ್ತು, ಅದೂ 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ್ದಕ್ಕೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇವತ್ತು ಪಾಯ ತೋಡುವವನು ಆ ಹೆಸರು ಹೇಳಿದರೆ ನಿಮ್ಮ ಕಿವಿಗೆ ಹೂವು ಇಡುತ್ತಿದ್ದಾನೆ.

ಬದಲಾಗಿದ್ದು ಬೇರೆ ಕಡೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಕಟ್ಟಡ ಪ್ಲಾನಿನ ಪ್ರಕಾರ ಇದೆ ಅಂತ ಪಾಲಿಕೆ ಕೊಡುವ ಸ್ವಾಧೀನ ಪತ್ರ ಅಂದರೆ ಓಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಿ ಅಂದಿತು. ಅಲ್ಲಿಯವರೆಗೆ ಓಸಿ ಅನ್ನೋ ಪದವನ್ನೇ ಕೇಳದವರೆಲ್ಲ ಆಮೇಲೆ ಓಡಾಡಿದರು. 2025ರಲ್ಲಿ 1200 ಚದರಡಿವರೆಗಿನ ಸೈಟಿನಲ್ಲಿ ಕಟ್ಟಿದ ಚಿಕ್ಕ ಮನೆಗಳಿಗೆ ರಾಜ್ಯ ಸರ್ಕಾರ ಓಸಿಯಿಂದ ವಿನಾಯಿತಿ ಕೊಟ್ಟಿತು. ಖಳನಾಯಕರು ಆ ಅಳತೆಯೊಳಗೆ ಬರುತ್ತಾರೆ. 40×60 ಬರಲ್ಲ. ದಾಸವಾಳಬೇಲಿಯವರ ಕೈಲಿರುವ ಒಂದೇ ಒಂದು ಗಟ್ಟಿ ಹಗ್ಗ ಇದು. ಪ್ಲಾನಿಗಿಂತ ಒಂದು ಮಹಡಿ ಜಾಸ್ತಿ ಹಾಕಿದ ಕಟ್ಟಡಕ್ಕೆ ಓಸಿ ಕಷ್ಟ, 2003ರ ಬೈಲಾದಲ್ಲಿ ಮನ್ನಾ ಮಾಡೋಕೆ ಬರೋದು ಶೇ. 5ರ ಒಳಗಿನ ವ್ಯತ್ಯಾಸ ಅಷ್ಟೇ. ಓಸಿ ಇಲ್ಲದೆ ಎಂಟು ಕರೆಂಟ್ ಮೀಟರ್ ಕಷ್ಟ. ಮೀಟರ್ ಇಲ್ಲದ ಫ್ಲಾಟ್ ಯಾರಿಗೆ ಮಾರುತ್ತಾನೆ?

ಇದನ್ನು ಬಿಲ್ಡರಿಗೆ ಹೇಳಿ ಪ್ರಯೋಜನ ಕಮ್ಮಿ, ಅವನಿಗೆ ದಾರಿಗಳು ಗೊತ್ತು. ಸೈಟಿನ ಮಾಲೀಕರಿಗೆ ಹೇಳಿ. ಪ್ಲಾನ್ ಇರೋದು ಅವರ ಹೆಸರಲ್ಲಿ, ನೋಟಿಸ್ ಬರೋದೂ ಅವರ ಹೆಸರಿಗೇ.


ಚಕ್ಲಿಮುರುಕು · ಮಂಗಳವಾರ ರಾತ್ರಿ 8:41

ದೂರು ಕೊಡಲು ಯಾವ ಆಫೀಸು ಅಂತ ಮೊದಲು ಪತ್ತೆ ಹಚ್ಚಿ. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಹೋಗಿ ಐದಾಗಿದೆ, ಮೇಲೆ ಜಿಬಿಎ, ಅಂದರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಛತ್ರಿ. ನಮ್ಮ ಕಡೆ ಬೋರ್ಡು ಬದಲಾಯಿತು, ಮೇಜು ಅದೇ, ಫ್ಯಾನಿನ ಸದ್ದೂ ಅದೇ.


ತೆಂಗಿನಗರಿ · ಮಂಗಳವಾರ ರಾತ್ರಿ 9:15

ಬೆಳಕು ಬೆಳಕು ಅಂತ ನೀರು ಮರೆತಿರಿ. ಒಂದು ಸಂಸಾರ ಇದ್ದ ಕಡೆ ಎಂಟು ಸಂಸಾರ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ. ಆದರೆ ಅದು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ ಅಂತ ಬಂದಿದ್ದು. ನಮ್ಮ ಹಳೇ ಬಡಾವಣೆಗಳ ಅಡಿಯಲ್ಲಿರುವ ಒಳಚರಂಡಿ ಪೈಪು ಒಂದೊಂದು ಸೈಟಿಗೆ ಒಂದೊಂದು ಮನೆ ಅಂತ ಎಣಿಸಿ ಹಾಕಿದ್ದು. ನಮ್ಮ ರಸ್ತೆಯಲ್ಲಿ ನಾಲ್ಕು ಮನೆ ಅಪಾರ್ಟ್‌ಮೆಂಟ್ ಆದವು. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ, ಎಲ್ಲರೂ ಬಟ್ಟೆ ಒಗೆಯುವ ಹೊತ್ತಿಗೆ, ತಗ್ಗಿನಲ್ಲಿರುವ ಮನೆಯ ಚೇಂಬರು ಉಕ್ಕುತ್ತೆ. ತಗ್ಗಿನಲ್ಲಿರುವ ಮನೆ ನಮ್ಮದು.

ಮಳೆನೀರು ಕೊಯ್ಲು ಹೊಸ 30×40ಕ್ಕೂ ಕಡ್ಡಾಯ, 40×60ಕ್ಕೆ ಕೇಳಲೇಬೇಡಿ. ಪ್ಲಾನಿನಲ್ಲಿ ಇಂಗುಗುಂಡಿ ಎಲ್ಲಿ ತೋರಿಸಿದ್ದಾರೆ ನೋಡಿ. ನಿಮ್ಮ ಕಾಂಪೌಂಡ್ ಬುಡದಲ್ಲಿ ತೋರಿಸಿದ್ದರೆ ಜಾಗ ಬದಲಿಸಲು ಹೇಳಿ. ಮರ ಇದ್ದವಾ ಅಲ್ಲಿ? ಖಾಸಗಿ ಸೈಟಿನಲ್ಲಿದ್ದರೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.


ದಾಸವಾಳಬೇಲಿ · ಮಂಗಳವಾರ ರಾತ್ರಿ 9:50

ಒಂದು ಸಂಪಿಗೆ ಮರ ಇತ್ತು. ಈಗ ಇಲ್ಲ. ಅನುಮತಿ ತಗೊಂಡಿದ್ದರಾ ಗೊತ್ತಿಲ್ಲ, ಜೆಸಿಬಿ ಬಂದ ದಿನವೇ ಹೋಯಿತು. ಹೂವು ನಮ್ಮ ಅಂಗಳದಲ್ಲೇ ಬೀಳುತ್ತಿತ್ತು. ಮಗಳ ನಂಬರ್ ಹುಡುಕುತ್ತೇನೆ. ಅತ್ತೆ ಹಳೇ ಡೈರಿಯಲ್ಲಿ ಆಂಟಿಯದ್ದು ಬರೆದಿಟ್ಟಿದ್ದಾರೆ.


ರಸಮಟ್ಟ · ಬುಧವಾರ ಬೆಳಗ್ಗೆ 7:05

ಗುಂಡಿ ಬಗ್ಗೆ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಳೆ ಬರುವ ಹಾಗಿದೆ. ಹೆದರಿಸಲು ಹೇಳುತ್ತಿಲ್ಲ. 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 9 ಜನ ಹೋದರು. ಅದು ಬೇರೆ ಥರದ ತಪ್ಪು, ಆದರೆ ಮಳೆ ನಮ್ಮ ಕೆಲಸಕ್ಕೆ ಕಾಯಲ್ಲ. ತೆರೆದ ಗುಂಡಿಯಲ್ಲಿ ನೀರು ನಿಂತರೆ ಪಕ್ಕದ ಪಾಯದ ಅಡಿ ಮಣ್ಣು ಮೆತ್ತಗಾಗುತ್ತೆ. ನಿಮ್ಮದು 1981ರ ಮನೆ, ಸೈಜುಗಲ್ಲಿನ ಪಾಯ ಇರಬೇಕು, ಮೂರರಿಂದ ನಾಲ್ಕಡಿ ಆಳ. ಅವರು ಅದಕ್ಕಿಂತ ನಾಲ್ಕಡಿ ಕೆಳಗೆ ಹೋಗಿದ್ದಾರೆ.

ಅವರ ಎಂಜಿನಿಯರ್ ಸಿಕ್ಕರೆ ಎರಡೇ ಮಾತು ಹೇಳಿ. ನಿಮ್ಮ ಕಡೆಯ ಕಾಲಂ ಗುಂಡಿಗಳನ್ನು ಒಟ್ಟಿಗೆ ತೆರೆಯದೆ ಒಂದು ಬಿಟ್ಟು ಒಂದು ತೆಗೆಯಲಿ, ಕಾಂಕ್ರೀಟ್ ಆಗಿ ಮಣ್ಣು ತುಂಬಿದ ಮೇಲೆ ಉಳಿದದ್ದು. ಅಲ್ಲಿಯವರೆಗೆ ಮಣ್ಣಿನ ಮಗ್ಗುಲಿಗೆ ಹಲಗೆ, ಸರ್ವೆ ಮರ ಆನಿಸಲಿ. ಇದರಲ್ಲಿ ಯಾವುದೂ ಲಕ್ಷಗಟ್ಟಲೆ ಖರ್ಚಲ್ಲ, ನಾಲ್ಕೈದು ದಿನ ತಡ ಅಷ್ಟೇ. ಮಾಡಲ್ಲ ಅಂದರೆ ನನಗೆ ಮೆಸೇಜ್ ಹಾಕಿ, ಶನಿವಾರ ನಾನೇ ಬರುತ್ತೇನೆ.


ದಾಸವಾಳಬೇಲಿ · ಭಾನುವಾರ ಸಂಜೆ 5:30

ಏನಾಯಿತು ಅಂತ ತುಂಬಾ ಜನ ಕೇಳಿದ್ದೀರಿ, ಬರೆಯುತ್ತೇನೆ.

ಬುಧವಾರ ರಾತ್ರಿ ಆಂಟಿಯ ಮಗಳಿಗೆ ವಾಟ್ಸಾಪ್ ಕಾಲ್ ಹೋಯಿತು. ನಾನು ಮೊದಲೇ ಕಾಗದದಲ್ಲಿ ಬರೆದುಕೊಂಡು ಕೂತಿದ್ದೆ, ಎಫ್‌ಎಆರ್, ಓಸಿ, ಸೆಕ್ಷನ್ 15 ಎಲ್ಲಾ. ಅವಳು ಫೋನ್ ಎತ್ತಿದ ಕೂಡಲೇ "ಅಜ್ಜಿ ಹೇಗಿದ್ದಾರೆ?" ಅಂದಳು. ಅತ್ತೆಗೆ ಫೋನ್ ಕೊಟ್ಟೆ. ಇಪ್ಪತ್ತು ನಿಮಿಷ ಇಬ್ಬರೂ ಸಂಪಿಗೆ ಮರದ ಬಗ್ಗೆಯೇ ಮಾತಾಡಿದರು. ಮರ ಹೋಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಬಿಲ್ಡರ್ ಕಳಿಸಿದ್ದು ಚಿಕ್ಕ ವಿಡಿಯೋ, ಗುದ್ದಲಿ ಪೂಜೆದು.

ಬಿರುಕಿನ ಫೋಟೋ ಕಳಿಸಿದೆ. ಅವಳೇ ಮಂಜೂರಾದ ನಕ್ಷೆಯ ಪ್ರತಿ ಕಳಿಸಿದಳು, ಮಾಹಿತಿ ಹಕ್ಕಿನ ಅರ್ಜಿಗೆ ಮುಂಚೆಯೇ. ರಸಮಟ್ಟ ಅವರು ಹೇಳಿದ್ದು ಸರಿ. ನಕ್ಷೆಯಲ್ಲಿ ಇರುವುದು ಸ್ಟಿಲ್ಟ್ ಮೇಲೆ ಮೂರು ಮಹಡಿ, ನಾಲ್ಕು ಮನೆ. ನಮ್ಮ ಕಡೆ ಒಂದು ಮೀಟರ್ ಬಿಡಬೇಕು. ಒಪ್ಪಂದದಲ್ಲಿ ಮಾತ್ರ ಎಂಟು ಫ್ಲಾಟು ಅಂತ ಬರೆದಿದೆ. ಎರಡೂ ಕಾಗದಕ್ಕೆ ಅವಳದೇ ಸಹಿ. "ಅಕ್ಕ, ಎರಡನ್ನೂ ಒಂದೇ ದಿನ ಸ್ಕ್ಯಾನ್ ಮಾಡಿ ಕಳಿಸಿದೆ, ಜೋಡಿಸಿ ಓದಲೇ ಇಲ್ಲ" ಅಂದಳು. ಅವಳು ಐಟಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ನನಗೆ ಕೋಪ ಬರಬೇಕಿತ್ತು, ನಗು ಬಂತು.

ನೋಟಿಸ್ ಅವಳ ಹೆಸರಿಗೆ ಬರುತ್ತೆ ಅಂತ ಹೇಳಿದಾಗ ಫೋನ್ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ಶನಿವಾರ ರಸಮಟ್ಟ ಅವರು ಬಂದರು. ಬಿಲ್ಡರ್, ಅವರ ಎಂಜಿನಿಯರ್, ಮೇಸ್ತ್ರಿ, ಎಲ್ಲರೂ ನಮ್ಮ ಬಚ್ಚಲುಮನೆಯಲ್ಲಿ ನಿಂತು ಗಾಜಿನ ಪಟ್ಟಿ ನೋಡಿದರು. ಎಡತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಮೇಸ್ತ್ರಿ ಈ ಸಲ ಹಳೇದು ಅನ್ನಲಿಲ್ಲ. ನಮ್ಮ ಕಡೆಯ ಎರಡು ಗುಂಡಿ ಇವತ್ತೇ ಮುಚ್ಚಿದ್ದಾರೆ, ಉಳಿದದ್ದಕ್ಕೆ ಸರ್ವೆ ಕಟ್ಟಿದ್ದಾರೆ. ಗೋಡೆ ರಿಪೇರಿ ಮಾಡಿಕೊಡುತ್ತೇವೆ ಅಂತ ಬರೆದುಕೊಟ್ಟಿದ್ದಾರೆ. ನೂರು ರೂಪಾಯಿ ಛಾಪಾ ಕಾಗದ, ಅತ್ತೆ ಹಟ ಮಾಡಿದ್ದಕ್ಕೆ.

ಒಂದು ಮೀಟರ್ ಬಿಡುತ್ತಾರಂತೆ. ನೆಲದಲ್ಲಿ ಸುಣ್ಣದ ಗೆರೆ ಹಾಕಿಸಿದ್ದೇನೆ. ಖಳನಾಯಕರ ಕಥೆ ನೆನಪಿತ್ತು, ಮೇಲೆ ಚಾಚುವ ಹಾಗಿಲ್ಲ ಅಂತಲೂ ಬರೆಸಿದೆ. ನಾಲ್ಕನೇ ಮಹಡಿ ಬಗ್ಗೆ ಬಿಲ್ಡರ್ "ನೋಡೋಣ ಮೇಡಂ" ಅಂದರು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ. ಮಗಳು ಒಪ್ಪಂದ ಬದಲಿಸುತ್ತೇನೆ ಅನ್ನುತ್ತಾಳೆ. ಬದಲಿಸಿದರೆ ಅವಳ ಪಾಲಿಗೆ ನಾಲ್ಕರ ಬದಲು ಎರಡು ಮನೆ. ಮಾಡುತ್ತಾಳಾ ಇಲ್ವಾ ನನಗೆ ಗೊತ್ತಿಲ್ಲ. ನಾನೇ ಅವಳ ಜಾಗದಲ್ಲಿದ್ದರೆ ಮಾಡುತ್ತಿದ್ದೆನಾ, ಅದೂ ಗೊತ್ತಿಲ್ಲ.


ಹಳೇಕೋಟು · ಭಾನುವಾರ ಸಂಜೆ 6:10

ಮಾಹಿತಿ ಹಕ್ಕಿನ ಅರ್ಜಿ ಆದರೂ ಹಾಕಿ. ಅವಳು ಕಳಿಸಿದ್ದು ಫೋಟೋ, ನಿಮಗೆ ಬೇಕಿರುವುದು ಸೀಲಿರುವ ಪ್ರತಿ. 'ನೋಡೋಣ ಮೇಡಂ' ಅಂದರೆ ಸೆಂಟ್ರಿಂಗ್ ಸಾಮಾನಿಗೆ ಅಡ್ವಾನ್ಸ್ ಆಗಿದೆ ಅಂತ.


ಮೂರಂತಸ್ತಿನಖಳ · ಭಾನುವಾರ ರಾತ್ರಿ 8:00

ಸುಣ್ಣದ ಗೆರೆ ಮಳೆಗೆ ಹೋಗುತ್ತೆ. ಎರಡೂ ತುದಿಗೆ ಕಬ್ಬಿಣದ ಗೂಟ ಹೊಡೆಸಿ, ಕಾಂಪೌಂಡ್ ಗೋಡೆ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ನಮ್ಮ ಎಂಜಿನಿಯರ್ ಗೆರೆ ಅಳಿಸಿದ್ದು ಹೇಗೆ ಅಂತ ನನಗೆ ಗೊತ್ತು.


ದಾಸವಾಳಬೇಲಿ · ಭಾನುವಾರ ರಾತ್ರಿ 8:20

ನಾಳೆ ಬೆಳಗ್ಗೆಯೇ ಹೊಡೆಸುತ್ತೇನೆ. ಮನೆಯಲ್ಲಿ ಗೇಟಿಗೆ ತಂದ ಹಸಿರು ಪೇಂಟ್ ಇದೆ.